ಮನಸ್ಸು ಅಲೆದಾಗ ಮತ್ತೆ ಮತ್ತೆ ಮರಳಿ ಬರುವುದು: ಆತ್ಮಿಕ ಬೆಳವಣಿಗೆ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕೊರಗನ್ನು ಹೊತ್ತು ಬಂದಿವೆ. ಹುರುಪಿನಿಂದ ಶುರು ಮಾಡುತ್ತೇವೆ, ಕೆಲವೇ ದಿನಗಳಲ್ಲಿ ಗಮನ ಚದುರಿಹೋಗುತ್ತದೆ, ಆಮೇಲೆ ನಾಚಿಕೆಯಿಂದ ಸತ್ಯವೇದ (ಬೈಬಲ್) ಮುಟ್ಟುವುದಕ್ಕೂ ಹಿಂಜರಿಯುತ್ತೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಬರೆದವರ ಹೆಸರು ಬಿಟ್ಟು ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಬೆಳಿಗ್ಗೆ ಬೇಗ ಎದ್ದು ಸತ್ಯವೇದ ತೆರೆದು ಕೂರುತ್ತೇನೆ. ಮೂರ್ನಾಲ್ಕು ನಿಮಿಷ ಕಳೆಯುವಷ್ಟರಲ್ಲಿ ಆಫೀಸಿನ ಕೆಲಸ, ಕಟ್ಟಬೇಕಾದ ಬಿಲ್ಲು, ನಿನ್ನೆ ಯಾರೋ ಆಡಿದ ಮಾತು ಎಲ್ಲ ತಲೆಗೆ ಬರುತ್ತವೆ. ಅಧ್ಯಾಯ ಮುಗಿದಾಗ ಏನು ಓದಿದೆನೆಂದೇ ನೆನಪಿರುವುದಿಲ್ಲ. ನನ್ನ ವಿಶ್ವಾಸವೇ ಕಡಿಮೆಯಾಗಿದೆಯೇ?

ಉತ್ತರ: ಇಲ್ಲ. ಗೆತ್ಸೇಮನೆ ತೋಟದಲ್ಲಿ ಶಿಷ್ಯರಿಗೆ ಒಂದು ಗಂಟೆ ಎಚ್ಚರವಾಗಿರಲು ಆಗಲಿಲ್ಲ. ಅವರಿಗೆ ವಿಶ್ವಾಸವೇ ಇಲ್ಲವೆಂದು ಯೇಸುಸ್ವಾಮಿ ತಳ್ಳಿಬಿಡಲಿಲ್ಲ. ಮನಸ್ಸು ಸಿದ್ಧವಿದ್ದರೂ ದೇಹಕ್ಕೆ ಬಲ ಸಾಲದು ಎಂದರು. ಸುಮ್ಮನೆ ಕೂತ ಕೂಡಲೇ ಬಾಕಿ ಕೆಲಸಗಳು ನೆನಪಾಗುವುದು ಮನಸ್ಸಿನ ಸ್ವಭಾವ. ಅದನ್ನು ಪಾಪವೆಂದು ಎಣಿಸಿ ಅದರೊಂದಿಗೆ ಜಗಳಕ್ಕೆ ಕೂತರೆ ಆ ಜಗಳದಲ್ಲೇ ಸಮಯ ಮುಗಿಯುತ್ತದೆ.

ಮೊದಲು ಹೊರಗಿನ ಏರ್ಪಾಡು ನೋಡಿ. ಫೋನು ಇನ್ನೊಂದು ಕೋಣೆಯಲ್ಲಿರಲಿ. ಸೈಲೆಂಟ್ ಮಾಡಿ ಪಕ್ಕದಲ್ಲೇ ಇಟ್ಟುಕೊಂಡರೆ ಕೈ ತಾನಾಗಿ ಅದರತ್ತ ಹೋಗುತ್ತದೆ, ಆದ್ದರಿಂದ ಓದಲು ಮುದ್ರಿತ ಸತ್ಯವೇದವೇ ಒಳ್ಳೆಯದು. ಪಕ್ಕದಲ್ಲಿ ಒಂದು ಚೀಟಿ, ಪೆನ್ನು ಇರಲಿ. ‘ಬಿಲ್ಲು ಕಟ್ಟಬೇಕು’ ಎಂಬ ನೆನಪು ಬಂದರೆ ಎರಡೇ ಪದ ಗೀಚಿ ಬಿಡಿ. ಬರೆದಿಟ್ಟ ಮೇಲೆ ಮನಸ್ಸು ಅದನ್ನು ಹೊತ್ತು ತಿರುಗಬೇಕಾಗಿಲ್ಲ.

ಆಮೇಲೆ ಓದುವ ಭಾಗವನ್ನು ಕಡಿಮೆ ಮಾಡಿ. ನಿಮ್ಮ ತೊಂದರೆಯ ಅರ್ಧ ಇಲ್ಲೇ ಇದೆ ಎಂದು ನಮಗನ್ನಿಸುತ್ತದೆ. ಇಡೀ ಅಧ್ಯಾಯ ಬೇಡ. 7ರಿಂದ 12 ವಚನ ಸಾಕು. 12ನೇ ಶತಮಾನದಲ್ಲಿ ಕಾರ್ಥೂಸಿಯನ್ ಎಂಬ ಕ್ರೈಸ್ತ ಸನ್ಯಾಸಿ ಸಂಘದ ಎರಡನೇ ಗೀಗೋ ಇಂಥ ಓದಿಗೆ ನಾಲ್ಕು ಮೆಟ್ಟಿಲು ಹೇಳಿದ್ದರು: ಓದುವುದು, ಮೆಲುಕು ಹಾಕುವುದು, ಪ್ರಾರ್ಥಿಸುವುದು, ಸುಮ್ಮನೆ ದೇವರ ಮುಂದೆ ಇರುವುದು. ನಿಮ್ಮ ಬಳಿ 20 ನಿಮಿಷ ಇದ್ದರೆ ಓದಿಗೆ 5, ಮೆಲುಕಿಗೆ 7, ಪ್ರಾರ್ಥನೆಗೆ 5, ಮೌನಕ್ಕೆ 3 ನಿಮಿಷ ಎಂದು ಹಂಚಿಕೊಳ್ಳಿ.

ಮಾರ್ಕ 10:46–52ನ್ನೇ ತೆಗೆದುಕೊಳ್ಳೋಣ. ಕುರುಡ ಬಾರ್ತಿಮಾಯನ ಪ್ರಸಂಗ, ಏಳೇ ವಚನ. ಮೊದಲು ನಿಮ್ಮ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ ಓದಿ. ಬಾಯಿ ಓದುವಾಗ ಕಣ್ಣು ಸಾಲು ಹಾರಿಸಲಾರದು. ಎರಡನೇ ಸಲ ನಿಧಾನವಾಗಿ ಓದುತ್ತ, ಯಾವ ಮಾತು ತಡೆದು ನಿಲ್ಲಿಸುತ್ತದೋ ಅಲ್ಲಿ ನಿಲ್ಲಿ. ‘ನಿನಗೆ ನಾನು ಏನು ಮಾಡಬೇಕು’ ಎಂಬ ಅರ್ಥದ ಪ್ರಶ್ನೆಯನ್ನು ಯೇಸು ಅವನಿಗೆ ಕೇಳುತ್ತಾರೆ. ಇದೇ ಅಧ್ಯಾಯದ 36ನೇ ವಚನಕ್ಕೆ ಹಿಂದಿರುಗಿ ನೋಡಿ, ಇದೇ ಪ್ರಶ್ನೆ ಶಿಷ್ಯರಾದ ಯಾಕೋಬ ಯೋಹಾನರಿಗೂ ಬಂದಿದೆ. ಅವರು ಕೇಳಿದ್ದು ಯೇಸುವಿನ ಎಡಬಲದ ಪೀಠ, ಈ ಭಿಕ್ಷುಕ ಕೇಳಿದ್ದು ಕಣ್ಣು. ಮೆಲುಕು ಹಾಕಲು ಇಷ್ಟು ಸಾಕು: ಈ ಪ್ರಶ್ನೆ ಇವತ್ತು ನನಗೆ ಬಂದರೆ ನನ್ನ ಉತ್ತರ ಯಾವುದು? ಬಂದ ಉತ್ತರವನ್ನೇ, ಅದು ಪೀಠವೇ ಆಗಿದ್ದರೂ, ಹಾಗೇ ಪ್ರಾರ್ಥನೆಯಾಗಿ ಹೇಳಿ. ಆಮೇಲೆ ಮಾತು ನಿಲ್ಲಿಸಿ.

ಇಲ್ಲಿ ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ಮೆಲುಕು ಹಾಕುವಾಗ ‘ಇದನ್ನು ಯಾರಿಗಾದರೂ ಹೇಳಬೇಕು’ ಎಂದು ಮನಸ್ಸು ಉಪದೇಶ ಕಟ್ಟತೊಡಗುತ್ತದೆ. ಅದನ್ನೂ ಚೀಟಿಗೆ ಬರೆದು ಹಿಂದಿರುಗಿ. ಇನ್ನೊಂದು, ಕೊನೆಯ ಮೂರು ನಿಮಿಷದ ಮೌನ. ಅಲ್ಲಿ ಏನೂ ಆಗಲಿಲ್ಲವೆಂದು ಬೇಸರಪಡಬೇಡಿ. ಮನಸ್ಸು ಹತ್ತು ಸಲ ಓಡಿದರೆ, ‘ಕರ್ತನೇ’ ಎಂದು ಒಂದು ಮಾತಿನಲ್ಲಿ ಹತ್ತು ಸಲ ಮರಳಿ ಬನ್ನಿ. ಹತ್ತು ಸಲ ಮರಳಿದ್ದು ಹತ್ತು ಸಲ ಪ್ರಾರ್ಥಿಸಿದಂತೆಯೇ.

ಪ್ರಶ್ನೆ: ಪ್ರತಿ ಜನವರಿಯಲ್ಲಿ ‘ಒಂದು ವರ್ಷದಲ್ಲಿ ಇಡೀ ಸತ್ಯವೇದ’ ಎಂದು ಶುರು ಮಾಡುತ್ತೇನೆ. ಪ್ರತಿ ಸಲವೂ ಮೂರನೇ ಪುಸ್ತಕವಾದ ಯಾಜಕಕಾಂಡದಲ್ಲಿ ನಿಂತುಬಿಡುತ್ತದೆ. ಏನು ಮಾಡಲಿ?

ಉತ್ತರ: ಲೆಕ್ಕ ಹಾಕಿ ನೋಡಿದರೆ ನೀವು ನಿಲ್ಲುವ ಜಾಗ ಆಶ್ಚರ್ಯ ಹುಟ್ಟಿಸುವುದಿಲ್ಲ. 66 ಪುಸ್ತಕಗಳ ಸತ್ಯವೇದದಲ್ಲಿ ಒಟ್ಟು 1189 ಅಧ್ಯಾಯ, ಅಂದರೆ ದಿನಕ್ಕೆ ಮೂರಕ್ಕಿಂತ ಸ್ವಲ್ಪ ಹೆಚ್ಚು. ಆದಿಕಾಂಡ 50, ವಿಮೋಚನಕಾಂಡ 40. ದಿನಕ್ಕೆ ಮೂರರಂತೆ ಓದಿದರೆ 31ನೇ ದಿನ ಯಾಜಕಕಾಂಡ ತೆರೆದುಕೊಳ್ಳುತ್ತದೆ. ಹೊಸ ವರ್ಷದ ಹುರುಪು ಇಳಿಯುವ ಹೊತ್ತಿಗೇ ಕಥೆ ನಿಂತು ಬಲಿಗಳ ವಿಧಿಗಳು ಶುರುವಾಗುತ್ತವೆ. ಅದರ ಮೇಲೆ ನಾಲ್ಕು ದಿನ ತಪ್ಪಿದರೆ ಹನ್ನೆರಡು ಅಧ್ಯಾಯ ಬಾಕಿ. ಆ ಬಾಕಿಯ ಭಾರಕ್ಕೇ ಎಷ್ಟೋ ಜನ ಪುಸ್ತಕ ಮುಚ್ಚಿಬಿಡುತ್ತಾರೆ.

ಆದ್ದರಿಂದ ಬಾಕಿ ತೀರಿಸಲು ಹೋಗಬೇಡಿ. ತಪ್ಪಿದ ದಿನ ತಪ್ಪಿತು. ಇವತ್ತಿನ ಪಾಲು ಇವತ್ತು ಓದಿ. ಇಡೀ ಸತ್ಯವೇದವನ್ನು ಒಂದೇ ವರ್ಷದಲ್ಲಿ ಮುಗಿಸಬೇಕೆಂದು ದೇವರೇನೂ ಆಜ್ಞೆ ಕೊಟ್ಟಿಲ್ಲ. ಸತ್ಯವೇದದ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಇರುವುದು 260 ಅಧ್ಯಾಯ. ವಾರಕ್ಕೆ ಐದು ದಿನ, ದಿನಕ್ಕೆ ಒಂದು ಅಧ್ಯಾಯ ಓದಿದರೆ 52 ವಾರಗಳಿಗೆ ಸರಿಯಾಗಿ ಮುಗಿಯುತ್ತದೆ, ವಾರಕ್ಕೆ ಎರಡು ದಿನ ತಪ್ಪಿದ್ದನ್ನು ಸರಿದೂಗಿಸಲು ಉಳಿಯುತ್ತವೆ. ಪದೇಪದೇ ಸೋತವರು ಇಲ್ಲಿಂದ ಶುರು ಮಾಡುವುದೇ ಮೇಲು.

ಆದರೂ ಯಾಜಕಕಾಂಡವನ್ನು ಬಿಟ್ಟೇಬಿಡಬೇಡಿ ಎಂದು ಕೇಳಿಕೊಳ್ಳುತ್ತೇವೆ. ಅದರ ಆಕಾರ ಮೊದಲೇ ತಿಳಿದಿದ್ದರೆ ದಾರಿ ಸುಲಭ: 1ರಿಂದ 7 ಬಲಿಗಳು, 8ರಿಂದ 10 ಯಾಜಕರು, 11ರಿಂದ 15 ಶುದ್ಧ ಅಶುದ್ಧ, 16 ದೋಷಪರಿಹಾರಕ ದಿನ, ಉಳಿದದ್ದು ಪರಿಶುದ್ಧ ಜನರಾಗಿ ಬಾಳುವ ಬಗೆ. 16ನೇ ಅಧ್ಯಾಯ ಓದಿದ ದಿನವೇ ಇಬ್ರಿಯರಿಗೆ ಬರೆದ ಪತ್ರಿಕೆಯ 9 ಮತ್ತು 10ನೇ ಅಧ್ಯಾಯಗಳನ್ನೂ ಓದಿ. ಮಹಾಯಾಜಕ ವರ್ಷಕ್ಕೊಮ್ಮೆ ರಕ್ತ ಹಿಡಿದು ಒಳಗೆ ಹೋಗುವುದಕ್ಕೂ ಕ್ರಿಸ್ತನು ಒಂದೇ ಸಾರಿ ಪ್ರವೇಶಿಸಿದ್ದಕ್ಕೂ ಇರುವ ನಂಟು ಕಂಡ ಮೇಲೆ ಆ ಪುಸ್ತಕ ಒಣ ವಿಧಿಗಳ ಪಟ್ಟಿಯಾಗಿ ಉಳಿಯುವುದಿಲ್ಲ.

ಪ್ರಶ್ನೆ: ಎರಡು ಚಿಕ್ಕ ಮಕ್ಕಳ ತಾಯಿ ನಾನು. ಹತ್ತು ನಿಮಿಷ ಒಂಟಿಯಾಗಿ ಕೂರಲು ಸಿಗುವುದಿಲ್ಲ. ಆತ್ಮಿಕವಾಗಿ ಹಿಂದೆ ಬಿದ್ದೆನೆಂಬ ಭಯ.

ಉತ್ತರ: ಹತ್ತು ನಿಮಿಷ ಇಲ್ಲದವರಿಗೆ ಎರಡು ನಿಮಿಷ ಇರುತ್ತದೆ, ಅದೂ ದಿನಕ್ಕೆ ಹಲವು ಸಲ. ವಾರಕ್ಕೊಂದು ವಚನವನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆಯಲ್ಲಿ ಅಂಟಿಸಿ. ಮಗುವಿಗೆ ಹಾಲೂಡಿಸುವಾಗ, ಬಟ್ಟೆ ಮಡಿಸುವಾಗ ಅದನ್ನೇ ಹೇಳಿಕೊಳ್ಳಿ. 17ನೇ ಶತಮಾನದ ಪ್ಯಾರಿಸ್‌ನಲ್ಲಿ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್‌ಗೆ ಪ್ರಾರ್ಥನೆಯ ಹೊತ್ತಿಗೂ ಪಾತ್ರೆಪಡಗದ ಗದ್ದಲದ ಹೊತ್ತಿಗೂ ಭೇದವಿರಲಿಲ್ಲ. ಎರಡರಲ್ಲೂ ಅವರು ದೇವರೊಂದಿಗೇ ಇದ್ದರು. ಇದರ ಜೊತೆಗೆ ಮನೆಯವರಿಗೂ ಒಂದು ಮಾತು. ವಾರಕ್ಕೆ ಒಂದು ಗಂಟೆ ಮಕ್ಕಳನ್ನು ನೋಡಿಕೊಂಡು ತಾಯಿಗೆ ಬಿಡುವು ಮಾಡಿಕೊಡುವುದು ಗಂಡನ ಕರ್ತವ್ಯ, ಉಪಕಾರವಲ್ಲ.

ಪ್ರಶ್ನೆ: ಕೆಲವು ತಿಂಗಳಿಂದ ಪ್ರಾರ್ಥನೆ ಗೋಡೆಯ ಜೊತೆ ಮಾತಾಡಿದಂತಿದೆ. ಮೊದಲಿನ ಸಂತೋಷವಿಲ್ಲ. ಸಭೆ (ಚರ್ಚ್) ಬದಲಾಯಿಸಿದರೆ ಸರಿಹೋಗಬಹುದೇ?

ಉತ್ತರ: ಸಭೆ ಬದಲಾಯಿಸುವ ತೀರ್ಮಾನವನ್ನು ಸದ್ಯಕ್ಕೆ ಮುಂದೂಡಿ. ಬತ್ತಿದ ಹೊತ್ತಿನಲ್ಲಿ ದೊಡ್ಡ ತೀರ್ಮಾನ ಒಳ್ಳೆಯದಲ್ಲ. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಇವಾಗ್ರಿಯಸ್ ಎಂಬ ಸನ್ಯಾಸಿ ಇದೇ ಸ್ಥಿತಿಯನ್ನು ‘ಅಸೀಡಿಯಾ’ ಎಂದು ಕರೆದು ವಿವರಿಸಿದ್ದರು. ಸೂರ್ಯ ಜರುಗುತ್ತಲೇ ಇಲ್ಲವೇನೋ ಅನ್ನಿಸುತ್ತದೆ, ಹಗಲು 50 ಗಂಟೆಯಷ್ಟು ಉದ್ದವಾಗುತ್ತದೆ, ಸನ್ಯಾಸಿ ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ, ತನ್ನ ಜಾಗ, ತನ್ನ ಕೆಲಸ, ಜೊತೆಗಿರುವ ಸಹೋದರರು ಎಲ್ಲದರ ಮೇಲೂ ಬೇಸರ ಬಂದು ಬೇರೆಡೆ ಹೋದರೆ ಚೆನ್ನಾಗಿರುತ್ತದೆಂದು ಯೋಚಿಸುತ್ತಾನೆ. ಅದಕ್ಕೆ ಅವರು ಹೇಳಿದ ಮದ್ದು, ಇದ್ದಲ್ಲೇ ತಾಳ್ಮೆಯಿಂದ ಉಳಿಯುವುದು.

ಆದರೆ ಎಲ್ಲ ಬತ್ತುವಿಕೆಯೂ ಒಂದೇ ಅಲ್ಲ. ನಿಮ್ಮದು ಯಾವುದೆಂದು ಹೀಗೆ ನೋಡಿಕೊಳ್ಳಿ.

ಮೊದಲು ದೇಹ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯನು ಸಾವು ಬೇಡುತ್ತ ಗಿಡದ ಕೆಳಗೆ ಮಲಗುತ್ತಾನೆ. ದೇವರು ಗದರಲಿಲ್ಲ, ಉಪದೇಶವನ್ನೂ ಕೊಡಲಿಲ್ಲ. ದೂತನ ಕೈಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕಳಿಸಿದರು. ತಿಂದ, ಮಲಗಿದ, ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದರು. ದೇವರ ಮೆಲುದನಿ ಕೇಳಿದ್ದು 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ನಿದ್ದೆಗೆಟ್ಟು ದುಡಿಯುತ್ತಿದ್ದರೆ ಎರಡು ವಾರ ಹೊತ್ತಿಗೆ ಸರಿಯಾಗಿ ಮಲಗಿ, ಆಮೇಲೆ ನಿಮ್ಮ ಪ್ರಾರ್ಥನೆಯನ್ನು ತೂಗಿ ನೋಡಿ.

ಎರಡನೆಯದು, ಇತ್ಯರ್ಥವಾಗದ ಸಂಗತಿ. ಬತ್ತುವಿಕೆ ಶುರುವಾದ ದಿನಗಳಲ್ಲಿ ಯಾರೊಂದಿಗಾದರೂ ಜಗಳವಾಗಿತ್ತೇ? ಗೊತ್ತಿದ್ದೂ ಮಾಡಿದ ತಪ್ಪು ಏನಾದರೂ? ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಂದಿಗೆ ಒಂದಾಗು ಎಂದು ಮತ್ತಾಯ 5:23–24 ಹೇಳುವುದು ಇಂಥದ್ದಕ್ಕೇ. ಹುಡುಕಿ ಏನೂ ಸಿಗದಿದ್ದರೆ ಅಲ್ಲಿಗೆ ಬಿಡಿ. ಇಲ್ಲದ ಪಾಪವನ್ನು ಅಗೆಯುತ್ತ ಕೂರುವುದೂ ಒಂದು ವ್ಯಾಧಿ.

ಮೂರನೆಯದನ್ನು ಸ್ಪಷ್ಟವಾಗಿ ಹೇಳಬೇಕು. ಎರಡು ವಾರಕ್ಕೂ ಹೆಚ್ಚು ಕಾಲ ಪ್ರಾರ್ಥನೆಯಷ್ಟೇ ಅಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲದೆ, ನಿದ್ದೆ ಹಸಿವು ಏರುಪೇರಾಗಿದ್ದರೆ ವೈದ್ಯರನ್ನು ಕಾಣಿ. ಸಾಯುವ ಯೋಚನೆ ಬರುತ್ತಿದ್ದರೆ ಇವತ್ತೇ ಕಾಣಿ, ಮನೆಯವರಿಗೂ ಹೇಳಿ. ಖಿನ್ನತೆ ಒಂದು ಕಾಯಿಲೆ. ಅದಕ್ಕೆ ಮಾತ್ರೆ ತೆಗೆದುಕೊಳ್ಳುವುದು ಅವಿಶ್ವಾಸವಲ್ಲ. ‘ಹೆಚ್ಚು ಪ್ರಾರ್ಥಿಸಿದರೆ ಸರಿಹೋಗುತ್ತದೆ’ ಎಂದು ಅಂಥವರನ್ನು ಮನೆಗೆ ಕಳಿಸುವುದು ಕ್ರೂರತನ.

ಇದ್ಯಾವುದೂ ಅಲ್ಲದಿದ್ದರೆ ನಿಮ್ಮದು ಇವಾಗ್ರಿಯಸ್ ಹೇಳಿದ ಬಗೆಯದು. ಆಗ ಸಮಯವನ್ನು ಅರ್ಧಕ್ಕೆ ಇಳಿಸಿ, ಆದರೆ ಒಂದು ದಿನವೂ ಬಿಡಬೇಡಿ. ಸ್ವಂತ ಮಾತು ಬಾರದಿದ್ದರೆ ಕೀರ್ತನೆಗಳ ಮಾತು ಎರವಲು ಪಡೆಯಿರಿ. 13ನೇ ಕೀರ್ತನೆಯಲ್ಲಿ ಆರೇ ವಚನ. ‘ಎಷ್ಟರವರೆಗೆ’ ಎಂಬ ಅಳಲು ಮೊದಲೆರಡು ವಚನಗಳಲ್ಲೇ ನಾಲ್ಕು ಸಲ ಬರುತ್ತದೆ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಸಮಾಧಾನದ ಒಂದು ಸಾಲೂ ಇಲ್ಲ. ಅಂಥ ಪ್ರಾರ್ಥನೆಯೂ ಸತ್ಯವೇದದೊಳಗೆ ಉಳಿದಿದೆ ಎಂಬುದನ್ನು ಮರೆಯಬೇಡಿ.

ಪ್ರಶ್ನೆ: ಒಂದೇ ಪಾಪಕ್ಕೆ ಮತ್ತೆ ಮತ್ತೆ ಬೀಳುತ್ತೇನೆ. ಪ್ರತಿ ಸಲ ಅತ್ತು ಕ್ಷಮೆ ಕೇಳುತ್ತೇನೆ, ವಾರದೊಳಗೆ ಅದೇ ಕಥೆ. ದೇವರಿಗೂ ಸಾಕಾಗಿರಬೇಕು.

ಉತ್ತರ: ಸಹೋದರನನ್ನು ಏಳು ಸಲವಲ್ಲ, ಎಪ್ಪತ್ತು ಏಳರಷ್ಟು ಸಲ ಕ್ಷಮಿಸು ಎಂದು ಶಿಷ್ಯ ಪೇತ್ರನಿಗೆ ಹೇಳಿದ ಯೇಸು ನಿಮಗೆ ಅದಕ್ಕಿಂತ ಕಡಿಮೆ ಕ್ಷಮೆ ಇಟ್ಟಿರುತ್ತಾರೆಯೇ? ಕ್ಷಮೆ ಇದೆ. ನಿಮಗೆ ಕೊರತೆಯಾಗಿರುವುದು ಬಿದ್ದ ದಾರಿಯನ್ನು ನೋಡುವ ಅಭ್ಯಾಸ.

ಪಾಪ ದಿಢೀರನೆ ಬೀಳಿಸುವುದು ಕಡಿಮೆ. ಬಿದ್ದದ್ದು ರಾತ್ರಿ 11ಕ್ಕೆ ಎಂದಿಟ್ಟುಕೊಳ್ಳಿ. ಹಿಂದಕ್ಕೆ ನಡೆಯಿರಿ: 10ಕ್ಕೆ ಒಬ್ಬರೇ ಫೋನು ಹಿಡಿದು ಮಲಗಿದ್ದಿರಿ, 8ಕ್ಕೆ ಮನೆಯಲ್ಲಿ ಮಾತಿಗೆ ಮಾತು ಬೆಳೆದಿತ್ತು, ಸಂಜೆ ಕೆಲಸದಲ್ಲಿ ಅವಮಾನವಾಗಿತ್ತು, ಯಾರಿಗೂ ಹೇಳಿರಲಿಲ್ಲ. ಹೋರಾಟ 11 ಗಂಟೆಗಲ್ಲ, ಸಂಜೆಗೆ. ಅವಮಾನವಾದ ಕೂಡಲೇ ಅದನ್ನು ಪ್ರಾರ್ಥನೆಗೆ ತಂದಿದ್ದರೆ, ಫೋನು ನಡುಮನೆಯಲ್ಲೇ ಬಿಟ್ಟಿದ್ದರೆ ರಾತ್ರಿ ಬೇರೆಯಾಗಿರುತ್ತಿತ್ತು. ಒಂದು ಹಾಳೆಯಲ್ಲಿ ಕಳೆದ ಮೂರು ಬೀಳುವಿಕೆಗಳನ್ನು ಹೀಗೆ ಹಿಮ್ಮುಖವಾಗಿ ಬರೆದರೆ ಸಾಮಾನ್ಯವಾಗಿ ಒಂದೇ ಬಾಗಿಲು ಕಾಣಿಸುತ್ತದೆ.

16ನೇ ಶತಮಾನದ ಸಂತ ಲೊಯೋಲಾದ ಇಗ್ನೇಷಿಯಸ್ ಕಲಿಸಿದ ಒಂದು ಸರಳ ಅಭ್ಯಾಸ ಇಲ್ಲಿ ಕೈಹಿಡಿಯುತ್ತದೆ. ಒಂದೇ ಒಂದು ದೋಷ ಆರಿಸಿಕೊಳ್ಳಿ. ಬೆಳಿಗ್ಗೆ ಎದ್ದಾಗ ಅದರ ವಿಷಯದಲ್ಲಿ ಎಚ್ಚರವಾಗಿರುವೆನೆಂದು ನಿಶ್ಚಯಿಸಿ. ಬಿದ್ದಾಗಲೆಲ್ಲ ಎದೆಯ ಮೇಲೆ ಕೈಯಿಟ್ಟು ದುಃಖಪಡಿ, ನಾಲ್ಕು ಜನರ ನಡುವಿದ್ದರೂ ಯಾರಿಗೂ ತಿಳಿಯುವುದಿಲ್ಲ. ಮಧ್ಯಾಹ್ನಕ್ಕೊಂದು, ರಾತ್ರಿಗೊಂದು ಗೆರೆ ಎಳೆದು, ಎಷ್ಟು ಸಲ ಬಿದ್ದಿರೋ ಅಷ್ಟು ಚುಕ್ಕೆ ಇಡಿ. ಇಂದಿನದನ್ನು ನಿನ್ನೆಯದರ ಜೊತೆ, ಈ ವಾರವನ್ನು ಕಳೆದ ವಾರದ ಜೊತೆ ಹೋಲಿಸಿ. ಸಿಟ್ಟು, ಸುಳ್ಳು, ಚಾಡಿಮಾತಿನಂಥ ದೋಷಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಐದು ದೋಷಗಳಿಗೆ ಒಟ್ಟಿಗೇ ಚುಕ್ಕೆ ಇಡಲು ಹೊರಟವರು ಒಂದೇ ವಾರದಲ್ಲಿ ಕೈಬಿಡುತ್ತಾರೆ.

ಬಿಟ್ಟದ್ದರ ಜಾಗವನ್ನು ಖಾಲಿ ಇಡಬೇಡಿ. ಗುಡಿಸಿ ಬರಿದಾಗಿಟ್ಟ ಮನೆಗೆ ಹಳೆಯ ದೆವ್ವ ಇನ್ನೂ ಏಳನ್ನು ಕರೆದುಕೊಂಡು ಬಂತೆಂದು ಮತ್ತಾಯ 12ರಲ್ಲಿದೆ. ರಾತ್ರಿ 10ರ ಫೋನಿನ ಜಾಗಕ್ಕೆ ಏನು ಬರುತ್ತದೆಂದು ಹಗಲಲ್ಲೇ ತೀರ್ಮಾನಿಸಿ. ಇನ್ನೊಂದು ಮಾತು: ಯಾಕೋಬ 5:16 ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿ ಎನ್ನುತ್ತದೆ. ಗುಟ್ಟು ಕಾಯುವ, ವಿಶ್ವಾಸದಲ್ಲಿ ಪಳಗಿದ ಒಬ್ಬರಿಗೆ, ಗಂಡಸರು ಗಂಡಸರಿಗೆ, ಹೆಂಗಸರು ಹೆಂಗಸರಿಗೆ, ವಾರಕ್ಕೊಮ್ಮೆ ಹತ್ತು ನಿಮಿಷ ಹೇಳಿಕೊಳ್ಳಿ. ಒಬ್ಬರೇ ಹೊತ್ತ ಗುಟ್ಟಿಗೆ ಬಲ ಹೆಚ್ಚು.

ಪ್ರಶ್ನೆ: ಗಾಯನವೃಂದ, ಸಂಡೇ ಸ್ಕೂಲ್, ಯುವಕರ ಕೂಟ ಮೂರರಲ್ಲೂ ಇದ್ದೇನೆ. ದೇವರ ಕೆಲಸವೇ ಮಾಡುತ್ತಿದ್ದರೂ ಒಳಗೆ ಬರಿದಾಗಿದ್ದೇನೆ.

ಉತ್ತರ: ಲೂಕ 10ರಲ್ಲಿ ಮಾರ್ಥಳು ಮಾಡುತ್ತಿದ್ದದ್ದೂ ಯೇಸುವಿಗಾಗಿಯೇ. ಆದರೆ ಅವಳ ಮಾತು ಗಮನಿಸಿ: ತಂಗಿಯ ಮೇಲಿನ ದೂರನ್ನು ಸ್ವಾಮಿಯ ಮೇಲೇ ಹೊರಿಸಿ, ‘ನಿನಗೆ ಚಿಂತೆಯಿಲ್ಲವೇ’ ಎಂದು ಕೇಳುತ್ತಾಳೆ. ಸೇವೆ ಹದ ಮೀರಿದ್ದರ ಮೊದಲ ಗುರುತು ಇದೇ, ಸಹಾಯಕ್ಕೆ ಬಾರದವರ ಮೇಲೆ ಸಿಟ್ಟು. ಎರಡನೇ ಗುರುತು, ಪಾಠ ಹೇಳುವುದಕ್ಕೆ ಬಿಟ್ಟರೆ ಬೇರೆ ಹೊತ್ತಿನಲ್ಲಿ ಸತ್ಯವೇದ ತೆರೆಯದಿರುವುದು.

ಮೂರರಲ್ಲಿ ಒಂದನ್ನು ಉಳಿಸಿಕೊಳ್ಳಿ. ಉಳಿದೆರಡನ್ನು ನಾಳೆಯೇ ಎಸೆದು ಬರಬೇಡಿ. ಸಭಾಪಾಲಕರಿಗೆ ತಿಳಿಸಿ, ಎರಡು ತಿಂಗಳು ಸಮಯ ಕೊಟ್ಟು, ಬೇರೊಬ್ಬರಿಗೆ ಕಲಿಸಿ ಒಪ್ಪಿಸಿ. ಮೋಶೆಗೂ ಅವನ ಮಾವ ಇತ್ರೋನು ಇದನ್ನೇ ಹೇಳಿದ್ದು, ಸಾವಿರ, ನೂರು, ಐವತ್ತು, ಹತ್ತು ಜನರಿಗೆ ಒಬ್ಬೊಬ್ಬರನ್ನು ನೇಮಿಸಿ ಹೊರೆ ಹಂಚು ಎಂದು. ತಿಂಗಳಲ್ಲಿ ಒಂದು ಭಾನುವಾರ ಯಾವ ಜವಾಬ್ದಾರಿಯೂ ಇಲ್ಲದೆ ಎಲ್ಲರಂತೆ ಬೆಂಚಿನಲ್ಲಿ ಕೂತು ಆರಾಧಿಸಿ. ‘ನಾನು ಬಿಟ್ಟರೆ ನಿಂತುಹೋಗುತ್ತದೆ’ ಎಂಬ ಭಯ ಬಂದರೆ, ನಿಲ್ಲಲಿ ಬಿಡಿ. ಒಬ್ಬರ ಮೇಲೇ ನಿಂತಿದ್ದ ಕೆಲಸವನ್ನು ಸಭೆ ಆಗ ಮೊದಲ ಸಲ ತನ್ನದೆಂದು ನೋಡುತ್ತದೆ.

ಪ್ರಶ್ನೆ: ನಾನು ಬೆಳೆಯುತ್ತಿದ್ದೇನೋ ಇಲ್ಲವೋ ತಿಳಿಯುವುದು ಹೇಗೆ? ಹತ್ತು ವರ್ಷದ ಹಿಂದಿಗಿಂತ ಈಗಲೇ ಹೆಚ್ಚು ಪಾಪಿ ಅನ್ನಿಸುತ್ತದೆ.

ಉತ್ತರ: ಅದೇ ಬೆಳವಣಿಗೆ ಇರಬಹುದು. ಪೌಲನು ಕೊರಿಂಥದವರಿಗೆ ಬರೆಯುವಾಗ ತಾನು ಅಪೊಸ್ತಲರಲ್ಲಿ ಕನಿಷ್ಠನು ಎಂದ. ಎಫೆಸದವರಿಗೆ, ದೇವಜನರೆಲ್ಲರಲ್ಲಿ ಅತ್ಯಲ್ಪನು ಎಂದ. ತಿಮೊಥೆಯನಿಗೆ, ಪಾಪಿಗಳಲ್ಲಿ ಮುಖ್ಯನು ಎಂದ. ಬೆಳಕಿಗೆ ಹತ್ತಿರವಾದಷ್ಟೂ ಬಟ್ಟೆಯ ಕಲೆ ಎದ್ದು ಕಾಣುತ್ತದೆ.

ಓದಿದ ಅಧ್ಯಾಯ, ಪ್ರಾರ್ಥಿಸಿದ ನಿಮಿಷ ಎಣಿಸಿ ಬೆಳವಣಿಗೆ ಅಳೆಯಬೇಡಿ. ಅವು ಗೊಬ್ಬರ, ಫಲವಲ್ಲ. ಗಲಾತ್ಯ 5:22–23ರಲ್ಲಿ ಪವಿತ್ರಾತ್ಮನ ಫಲದ ಒಂಬತ್ತು ಗುಣಗಳಿವೆ. ಮೂರು ತಿಂಗಳಿಗೊಮ್ಮೆ ಅವನ್ನು ಮುಂದಿಟ್ಟುಕೊಂಡು ನಿಖರವಾಗಿ ಕೇಳಿಕೊಳ್ಳಿ. ‘ನನ್ನಲ್ಲಿ ತಾಳ್ಮೆ ಇದೆಯೇ’ ಎಂಬುದಕ್ಕಿಂತ ‘ಈ ತಿಂಗಳು ನನ್ನ ಮಾತನ್ನು ಅರ್ಧಕ್ಕೆ ತಡೆದವರಿಗೆ ನಾನು ಏನೆಂದೆ’ ಎಂಬ ಪ್ರಶ್ನೆ ಹೆಚ್ಚು ನಿಜ ಹೇಳುತ್ತದೆ. ನಿಮ್ಮ ಉತ್ತರವನ್ನಷ್ಟೇ ನಂಬಬೇಡಿ. ಒಂದೇ ಮನೆಯಲ್ಲಿರುವ ಒಬ್ಬರನ್ನೂ ಕೇಳಿ. ಅವರು ಹೇಳುವಾಗ ಸಮಜಾಯಿಷಿ ಕೊಡದೆ ಕೇಳಿಸಿಕೊಳ್ಳಿ. ಮೂರು ತಿಂಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಈ ತಪಾಸಣೆ ಬೇಡ. ಬಿತ್ತಿದ ಬೀಜವನ್ನು ದಿನಾ ಅಗೆದು ನೋಡಿದರೆ ಬೇರು ಹಿಡಿಯುವುದಿಲ್ಲ. ಬಿತ್ತಿದವನು ಮಲಗಿ ಏಳುತ್ತಿರಲು ಬೀಜ ಅವನಿಗೆ ತಿಳಿಯದಂತೆಯೇ ಮೊಳೆಯಿತೆಂದು ಮಾರ್ಕ 4ರ ಸಾಮ್ಯದಲ್ಲಿದೆ. ನೆಟ್ಟವರು ನೀರೆರೆದವರು ಯಾರೇ ಆಗಲಿ ಬೆಳೆಸುವವರು ದೇವರೆಂದು ಪೌಲನೂ ಹೇಳಿದ್ದಾನೆ.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ ಇದೆ. ಸಭೆಯಲ್ಲಿ ಉಪವಾಸ ಪ್ರಾರ್ಥನೆ ಇಟ್ಟಾಗ ಊಟ ಮಾಡಿದರೆ ತಪ್ಪೇ?

ಉತ್ತರ: ತಪ್ಪಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ರಕ್ತದ ಸಕ್ಕರೆ ವಿಪರೀತ ಇಳಿದು ನಡುಕ, ಬೆವರು, ಗೊಂದಲ, ಪ್ರಜ್ಞೆ ತಪ್ಪುವವರೆಗೂ ಹೋಗಬಹುದು. ವೈದ್ಯರನ್ನು ಕೇಳದೆ ಊಟವನ್ನಾಗಲಿ ಮಾತ್ರೆಯನ್ನಾಗಲಿ ಬಿಡಬೇಡಿ. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ, ಊಟದ ವಿಷಯದಲ್ಲಿ ಹಿಂದೆ ಕಾಯಿಲೆಬಿದ್ದವರಿಗೆ ಇದೇ ಮಾತು. ನೀವು ಹೊತ್ತಿಗೆ ಸರಿಯಾಗಿ ಸಾದಾ ಊಟ ಮಾಡಿ, ಆ ದಿನ ಟಿವಿ ಮತ್ತು ಫೋನು ಬಿಡಿ, ಉಳಿದ ಹೊತ್ತನ್ನು ಪ್ರಾರ್ಥನೆಗೆ ಕೊಡಿ. ಹಸಿದವರಿಗೆ ಆಹಾರ ಹಂಚುವುದೇ ತನಗೆ ಮೆಚ್ಚಿಗೆಯಾದ ಉಪವಾಸವೆಂದು ಯೆಶಾಯ 58ರಲ್ಲಿ ದೇವರೇ ಹೇಳಿದ್ದಾರೆ, ಅದಕ್ಕೆ ಸಕ್ಕರೆ ಕಾಯಿಲೆ ಅಡ್ಡಿಯಲ್ಲ. ಆರೋಗ್ಯವಾಗಿದ್ದು ಮೊದಲ ಸಲ ಉಪವಾಸ ಮಾಡುವವರು ಒಂದೇ ಹೊತ್ತಿನ ಊಟ ಬಿಟ್ಟು ಶುರು ಮಾಡಲಿ, ನೀರು ಧಾರಾಳವಾಗಿ ಕುಡಿಯಲಿ. ಮುಗಿಸುವಾಗ ಹೊಟ್ಟೆ ಬಿರಿಯುವಂತೆ ತಿನ್ನದೆ ಹಗುರವಾದದ್ದನ್ನು ಸ್ವಲ್ಪ ತಿನ್ನಲಿ.